ಹರಿಹರದಲ್ಲಿ ಶನಿವಾರದ ಲ್ಯಾಟಿನ್

ಮಧ್ಯಯುಗದ ಯುರೋಪಿನ ಚರ್ಚು ಕಾನೂನಿನಲ್ಲಿ ಹೆಂಗಸರ ಮಾತಿಗೆ ಎಷ್ಟು ಬೆಲೆ ಇತ್ತು ಎಂಬುದನ್ನು ಓದುತ್ತ, ಬರೆಯುತ್ತ ನಾನು ಮೂವತ್ತೈದು ವರ್ಷ ಕಳೆದಿದ್ದೇನೆ. ದಾವಣಗೆರೆಯಲ್ಲಿ ಭತ್ತದ ದಲ್ಲಾಳಿಯ ಮಗಳಾಗಿ ಹುಟ್ಟಿ, ದಿನಾ ಲಿಂಗಪೂಜೆ ಮಾಡಿ ವಿಭೂತಿ ಹಚ್ಚಿಕೊಳ್ಳುವ ಮನೆಯಲ್ಲಿ ಬೆಳೆದವಳಿಗೆ ಇದೆಲ್ಲಿ ಗಂಟುಬಿತ್ತು ಎಂದು ಸೆಮಿನಾರುಗಳಲ್ಲಿ ಜನ ಕೇಳುತ್ತಾರೆ. ಗ್ರಂಥಾಲಯದಲ್ಲಿ ಸಿಕ್ಕ ಒಂದು ಪುಸ್ತಕದಿಂದ ಎಂದು ಹೇಳಿ ಮುಗಿಸುತ್ತೇನೆ. ಅದು ಅರ್ಧ ನಿಜ. ಇನ್ನರ್ಧ ನನ್ನ ಗೆಳತಿಯ ಮದುವೆಯ ದಿನ ನಡೆದದ್ದು.

ಅವಳ ಅಪ್ಪ ಮಂಡಕ್ಕಿ ಭಟ್ಟಿ ನಡೆಸುತ್ತಿದ್ದರು. ಅವರಿಗೆ ಭತ್ತ ನಮ್ಮಪ್ಪನ ಅಂಗಡಿಯಿಂದ ಹೋಗುತ್ತಿತ್ತು. ಹಾಗಾಗಿ ಎರಡು ಮನೆಗಳಿಗೂ ಬಳಕೆ ಇತ್ತು. ನಾವಿಬ್ಬರೂ ಒಂದನೇ ಕ್ಲಾಸಿನಿಂದ ಬಿ.ಎ. ಎರಡನೇ ವರ್ಷದ ತನಕ ಒಂದೇ ಬೆಂಚಿನಲ್ಲಿ ಕೂತವರು. ಇತಿಹಾಸದಲ್ಲಿ ಅವಳಿಗೆ ನನಗಿಂತ ಯಾವಾಗಲೂ ಐದಾರು ಮಾರ್ಕು ಜಾಸ್ತಿ. ಭಟ್ಟಿಯ ಹೊಗೆ ಅವಳ ನೋಟುಬುಕ್ಕುಗಳಿಗೂ ಹತ್ತಿರುತ್ತಿತ್ತು. ಈಗಲೂ ಹುರಿದ ಭತ್ತದ ವಾಸನೆ ಬಂದರೆ ನನಗೆ ನೆನಪಾಗುವುದು ಅವಳ ದುಂಡಗಿನ ಅಕ್ಷರ.

ಎರಡನೇ ವರ್ಷದ ಪರೀಕ್ಷೆ ಮುಗಿದ ತಿಂಗಳೇ ಅವಳ ನಿಕಾಹ್ ಆಯಿತು. ಹುಡುಗ ಹರಿಹರದವನು, ಸ್ವಂತ ಲೇಥ್ ಮೆಷಿನ್ ಇಟ್ಟುಕೊಂಡವನು. ಗಂಡಸರೆಲ್ಲ ಹೊರಗೆ ಚಪ್ಪರದಲ್ಲಿದ್ದರು. ಒಳಕೋಣೆಯಲ್ಲಿ ಹೆಂಗಸರ ನಡುವೆ ಅವಳು, ಅವಳ ಮಗ್ಗುಲಿಗೆ ನಾನು. ಅವಳ ಚಿಕ್ಕಪ್ಪ ಇಬ್ಬರು ಸಾಕ್ಷಿಗಳನ್ನು ಕರೆದುಕೊಂಡು ಬಾಗಿಲ ಬಳಿ ಬಂದು ನಿಂತು, ಹುಡುಗನ ಹೆಸರು, ಊರು ಹೇಳಿ, "ಕಬೂಲ್ ಹೈ ಬೇಟಾ?" ಎಂದು ಕೇಳಿದರು.

ನನಗೆ ಮೈ ಜುಂ ಎಂದಿತು. ಅಷ್ಟೊತ್ತಿಗೆ ನಮ್ಮ ಮನೆತನದಲ್ಲಿ ನಾಲ್ಕು ಅಕ್ಕಂದಿರ ಮದುವೆ ನೋಡಿದ್ದೆ. ಒಬ್ಬಳನ್ನಾದರೂ ನಿನಗೆ ಒಪ್ಪಿಗೆಯೇ ಎಂದು ಎಲ್ಲರೆದುರಿಗೆ ಕೇಳಿದ್ದನ್ನು ಕಂಡಿರಲಿಲ್ಲ. ಇವಳನ್ನು ಕೇಳುತ್ತಿದ್ದಾರೆ! ಉತ್ತರಕ್ಕಾಗಿ ಗಂಡಸರು ಬಾಗಿಲಲ್ಲಿ ಕಾಯುತ್ತಿದ್ದಾರೆ! ಇವಳು ಸುಮ್ಮನಿದ್ದಳು. ನಾಚಿಕೆ ಎಂದು ಹೆಂಗಸರು ನಕ್ಕರು. ಚಿಕ್ಕಪ್ಪ ಎರಡನೇ ಸಲ ಕೇಳಿದರು. ಆಗ ಅವಳು ಮುಸುಕಿನೊಳಗಿಂದಲೇ ನನ್ನ ಕಿವಿಯ ಹತ್ತಿರ ಮುಖ ತಂದು ಕೇಳಿದಳು:

"ಏನ್ ಹೇಳ್ಲೇ?"

ನನಗೆ ಹತ್ತೊಂಬತ್ತು. ಬಾಗಿಲಲ್ಲಿ ನಿಂತವರ ಮುಖ, ಅವಳ ಅಮ್ಮನ ಮುಖ, ಎಲ್ಲ ಒಮ್ಮೆಗೇ ಕಣ್ಣಿಗೆ ಬಿದ್ದವು. "ಹೂಂ ಅನ್ನು" ಎಂದೆ.

ಮೂರನೇ ಸಲ ಕೇಳಿದಾಗ ಅವಳು ಹೂಂ ಅಂದಳು. ಹೊರಗೆ ಖರ್ಜೂರ ಹಂಚಿದರು. ಊಟಕ್ಕೆ ಏಳುವ ತನಕ ಅವಳು ನನ್ನ ಕೈ ಬಿಡಲಿಲ್ಲ.

ಮುಂದೆ ನಾನು ಎಂ.ಎ. ಓದಲು ಮೈಸೂರಿಗೆ ಹೋದೆ. ಅಲ್ಲಿ ಬೈಂಡು ಕಿತ್ತುಹೋದ ಒಂದು ಇಂಗ್ಲಿಷ್ ಪುಸ್ತಕ ಸಿಕ್ಕಿತು. ಹನ್ನೆರಡನೇ ಶತಮಾನದ ಹೊತ್ತಿಗೆ ಚರ್ಚು ಒಂದು ನಿಯಮಕ್ಕೆ ಬಂದು ನಿಂತಿತ್ತು ಎಂದು ಅದರಲ್ಲಿ ಬರೆದಿತ್ತು. ಗಂಡು ಹೆಣ್ಣು ಇಬ್ಬರೂ ತಮ್ಮ ಬಾಯಿಂದ ಒಪ್ಪಿಗೆಯ ಮಾತು ಆಡಿದರೆ ಮದುವೆ ಆದಂತೆ. ಅಪ್ಪ ಒಪ್ಪಬೇಕಿಲ್ಲ, ಪಾದ್ರಿ ಇರಬೇಕಿಲ್ಲ. ಮಾತು ಇಲ್ಲದಿದ್ದರೆ ಎಷ್ಟು ಜನ ಉಂಡು ಹೋದರೂ ಅದು ಮದುವೆಯಲ್ಲ. ಓದುತ್ತ ಓದುತ್ತ ನನಗೆ ಕೇಳಿಸುತ್ತಿದ್ದದ್ದು ಆ ಒಳಕೋಣೆಯ ಪಿಸುಮಾತು. ಹಾಗೆ ಮಾತು ಆಡಿದೆವು, ಆಡಲಿಲ್ಲ ಎಂದು ಚರ್ಚಿನ ಕೋರ್ಟಿಗೆ ಹೋದ ಹೆಂಗಸರ ಕಡತಗಳು ಇನ್ನೂ ಉಳಿದಿವೆ, ಎಲ್ಲ ಲ್ಯಾಟಿನ್ನಿನಲ್ಲಿವೆ ಎಂದು ಪುಸ್ತಕದ ಕೊನೆಯಲ್ಲಿತ್ತು.

ಎಂ.ಎ. ಮುಗಿಸಿ ದಾವಣಗೆರೆಯಲ್ಲೇ ಒಂದು ಕಾಲೇಜಿನಲ್ಲಿ ಪಾಠ ಹೇಳಲು ಸೇರಿದೆ. ಅಲ್ಲಿ ಲ್ಯಾಟಿನ್ ಹೇಳಿಕೊಡುವವರು ಯಾರು? ಹರಿಹರದಲ್ಲಿ ಒಬ್ಬ ವಯಸ್ಸಾದ ಫಾದರ್ ಇದ್ದಾರೆ, ರೋಮಿನಲ್ಲಿ ಓದಿದವರು ಎಂದು ಯಾರೋ ಹೇಳಿದರು. ಹೋಗಿ ಕೇಳಿದೆ. ಅವರು ಮಂಗಳೂರಿನ ಕಡೆಯವರು. ಕುಂಡಗಳಿಗೆ ನೀರು ಹಾಕುತ್ತಿದ್ದವರು ತಿರುಗಿ ನೋಡಿ, "ಎಂಥಕ್ಕೆ ಮಾರಾಯ್ತಿ ನಿಮಗೆ ಲ್ಯಾಟಿನ್?" ಎಂದರು. ಮದುವೆಯ ಕಾನೂನು ಓದಬೇಕು ಎಂದೆ. ಪಾತ್ರೆ ಕೆಳಗಿಟ್ಟರು. ಅವರು ಹುಡುಗರಾಗಿದ್ದಾಗ ಓದಿದ್ದೂ ಅದನ್ನೇ. ನಲವತ್ತು ವರ್ಷದಿಂದ ಅದರ ಬಗ್ಗೆ ಅವರನ್ನು ಕೇಳಿದವರೇ ಇರಲಿಲ್ಲವಂತೆ.

"ಮದುವೆ ಮಾಡಿಸುವುದು ನಾವಲ್ಲ ಗೊತ್ತುಂಟಾ?" ಎಂದರು ಮೊದಲ ದಿನವೇ. "ಅವರಿಬ್ಬರೇ ಮಾಡಿಕೊಳ್ಳುವುದು. ನಾವು ನಿಂತು ನೋಡುವವರು, ಅಷ್ಟೇ."

ಹಾಗೆ ನನ್ನ ಶನಿವಾರಗಳು ಶುರುವಾದವು. ಮಧ್ಯಾಹ್ನದ ಗಾಡಿಗೆ ಹರಿಹರ. ಮೂರರಿಂದ ಐದರವರೆಗೆ ಫಾದರ್ ಹತ್ತಿರ ಲ್ಯಾಟಿನ್. ಅಲ್ಲಿಂದ ಹೊಳೆಯ ಕಡೆ ಇಳಿಯುವ ಓಣಿಯಲ್ಲಿ ಗೆಳತಿಯ ಮನೆ. ಮುಂದಿನ ಕೋಣೆಯಲ್ಲಿ ಲೇಥ್, ಹಿಂದೆ ಎರಡು ಕೋಣೆಯ ಸಂಸಾರ. ನಾನು ಹೋಗುವಷ್ಟರಲ್ಲಿ ಅವಳು ಚಹಾಕ್ಕೆ ಇಟ್ಟಿರುತ್ತಿದ್ದಳು. ಒಂದು ಮಗು ಕಂಕುಳಲ್ಲಿ, ಇನ್ನೊಂದು ಸೆರಗು ಹಿಡಿದುಕೊಂಡು.

"ಏನ್ ಓದ್ಕೊಂಡು ಬಂದಿ ಇವತ್ತು? ಹೇಳು" ಎಂದು ಕೂರುತ್ತಿದ್ದಳು.

ನಾನು ಒಂದೊಂದು ವಾರ ಒಂದೊಂದು ಕೇಸ್ ಹೇಳುತ್ತಿದ್ದೆ. ಮೊದಲು ಹೇಳಿದ್ದು ಮಾತಿನ ಕಾಲದ ಬಗ್ಗೆ. ಫಾದರ್ ಸ್ಲೇಟಿನ ಮೇಲೆ ಎರಡು ಪದ ಬರೆದು ತೋರಿಸಿದ್ದರು, 'ಆಚಿಪಿಯೊ', 'ಆಚಿಪಿಯಾಮ್'. ಒಂದರ ಅರ್ಥ ಈಗ, ಈ ಗಳಿಗೆಯಲ್ಲೇ ನಿನ್ನನ್ನು ಸ್ವೀಕರಿಸುತ್ತಿದ್ದೇನೆ ಎಂದು. ಇನ್ನೊಂದರ ಅರ್ಥ ಮುಂದೆ ಸ್ವೀಕರಿಸುತ್ತೇನೆ ಎಂದು. ಮೊದಲನೆಯದು ಆಡಿದರೆ ಮದುವೆ ಆಗಿಯೇ ಹೋಯಿತು, ಎರಡನೆಯದು ಬರೀ ನಿಶ್ಚಯ. ಕೋರ್ಟಿನಲ್ಲಿ ಎಷ್ಟೋ ಹೆಂಗಸರ ಬದುಕು ಆ ಪದದ ಬಾಲದ ಮೇಲೆ ನಿಂತಿತ್ತು.

ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿದಳು. "ನಾವು 'ಮದುವಿ ಆಗ್ತೀನಿ' ಅಂದ್ರೆ ಅದು ಈಗೋ, ಮುಂದೋ?"

"ಎರಡೂ ಆಗಬಹುದು."

"ಹಂಗಾದ್ರೆ ಕನ್ನಡದಾಗ ಯಾರಿಗೂ ಮದುವಿನೇ ಆಗಿಲ್ಲ ಬಿಡು!" ಎಂದು ಬಿದ್ದು ಬಿದ್ದು ನಕ್ಕಳು. ಮುಂದಿನ ಕೋಣೆಯಲ್ಲಿ ಮೆಷಿನ್ ನಿಂತಿತು. ಅವಳ ಗಂಡ ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ ಎಂದು ನನಗೆ ಗೊತ್ತಾಗಿದ್ದು ಅವತ್ತು. ಮಾತು ಕಡಿಮೆ, ಒಳ್ಳೆಯ ಮನುಷ್ಯ. ನಾನು ಹೋದ ದಿನ ಆ ಹೊತ್ತಿಗೆ ಮೆಷಿನ್ನಿಗೆ ಎಣ್ಣೆ ಹಾಕುವ ಕೆಲಸ ಬರುತ್ತಿತ್ತು.

ಇನ್ನೊಂದು ವಾರ ಬಲವಂತದ ಮದುವೆಯ ಕಾನೂನು ಹೇಳಿದೆ. ಹೆದರಿಸಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ ಎಂದು ಚರ್ಚು ಹೇಳಿತ್ತು. ಆದರೆ ಎಷ್ಟು ಹೆದರಿಕೆ? ಒಬ್ಬ ಗಟ್ಟಿ ಗಂಡಸೂ ಅಲುಗಾಡಿಬಿಡುವಷ್ಟು.

"ಹೆದರಿದಾಕಿ ಹುಡುಗಿ. ಅದನ್ನ ಅಳಿಯಾಕೆ ಗಂಡಸಿನ ಅಳತಿ ಯಾಕ?" ಎಂದು ಅವಳು ಸಿಟ್ಟಾದಳು. "ಆ ಜಡ್ಜ್ ಮನಿಯಾಗ ಹೆಣ್ಣುಮಕ್ಕಳು ಇರ್ಲಿಲ್ಲೇನು?"

ಜಡ್ಜ್ ಪಾದ್ರಿ, ಮದುವೆ ಇಲ್ಲದವನು ಎಂದೆ. "ಅದಕ್ಕ ಮತ್ತೆ" ಎಂದು ರೊಟ್ಟಿ ತಟ್ಟಲು ಕೂತಳು.

ಆದರೆ ನನ್ನ ಓದಿನ ದಾರಿಯನ್ನೇ ತಿರುಗಿಸಿದ ಮಾತು ಬಂದದ್ದು ಒಂದು ಕೊಟ್ಟಿಗೆಯ ಕೇಸಿನಲ್ಲಿ. ಒಬ್ಬ ಹುಡುಗಿ, ಕೊಟ್ಟಿಗೆಯ ಬಾಗಿಲಲ್ಲಿ ಆತ ನನ್ನ ಕೈ ಹಿಡಿದು ಮಾತು ಕೊಟ್ಟ ಎನ್ನುತ್ತಾಳೆ. ತಮಾಷೆಗೆ ಅಂದೆ ಎನ್ನುತ್ತಾನೆ ಅವನು. ದೂರದಲ್ಲಿ ಹೊಲದಲ್ಲಿದ್ದ ಇಬ್ಬರು ಗಂಡಸರನ್ನು ಕರೆಸಿ ಕೇಳಿದರು. ಅವರಿಗೆ ಏನೂ ಕೇಳಿಸಿರಲಿಲ್ಲ. ಕೇಸು ಬಿದ್ದುಹೋಯಿತು.

"ಹುಡುಗಿ ಒಬ್ಬಾಕೇ ಕೊಟಗಿಗೆ ಹೋಗಿದ್ಲೇನು?" ಎಂದಳು ಗೆಳತಿ.

"ಇಲ್ಲ, ಹಾಲು ಕರೆಯೋಕೆ ಇನ್ನೊಬ್ಬಳು ಜೊತೆಗಿದ್ದಳು ಅಂತ ಬರೆದಿದೆ."

"ಮತ್ತೆ ಆಕಿನ ಯಾಕ ಕೇಳ್ಲಿಲ್ಲ? ಗೆಳತಿಗೆ ಗೊತ್ತಿರೋದು ಹೊಲದಾಗ ಇದ್ದೋನಿಗೆ ಗೊತ್ತಿರ್ತತೇನು?"

ಅವತ್ತು ರೈಲಿನಲ್ಲಿ ದಾವಣಗೆರೆ ಬಂದದ್ದೇ ನನಗೆ ತಿಳಿಯಲಿಲ್ಲ. ಮದುವೆಯ ಕೇಸುಗಳಲ್ಲಿ ಹೆಂಗಸರ ಸಾಕ್ಷಿಯನ್ನು ಚರ್ಚು ಕಾನೂನು ಒಪ್ಪುತ್ತಿತ್ತು. ಆದರೂ ಯಾವಾಗ ಕರೆಸಿದರು, ಯಾವಾಗ ಬಿಟ್ಟರು, ಕರೆಸಿದಾಗ ಆ ಗೆಳತಿಯರು, ಕೆಲಸದವರು, ಪಕ್ಕದ ಮನೆಯವರು ಏನು ಹೇಳಿದರು? ನನ್ನ ಪಿಎಚ್‌.ಡಿ. ಇದರ ಮೇಲೆಯೇ ಆಯಿತು. ಅವಳ ಆ ಮಾತು ನನ್ನನ್ನು ಬೇರೆ ಕಡೆಯೂ ಚುಚ್ಚಿತ್ತು. ಜೊತೆಗಿದ್ದವಳು ನಾನು. ಕೇಳಿದ್ದಕ್ಕೆ ನಾನು ಹೇಳಿದ್ದೇನು?

ಈ ನಡುವೆ ನನ್ನನ್ನೂ ನೋಡಲು ಬಂದರು. ನಾವಾಗ ನಿಜಲಿಂಗಪ್ಪ ಬಡಾವಣೆಯ ಹೊಸ ಮನೆಗೆ ಬಂದಿದ್ದೆವು. ಉಪ್ಪಿಟ್ಟು, ಕೇಸರಿಬಾತು ಆದಮೇಲೆ ಅಪ್ಪ, "ನಮ್ಮ ಹುಡುಗಿದು ಒಪ್ಪಿಗೆ ಐತೆ, ನೀವು ಹೇಳ್ರಿ" ಎಂದರು. "ಅಪ್ಪಾಜಿ, ನನ್ನ ಯಾರೂ ಕೇಳಿಲ್ಲ" ಎಂದೆ. ಬಂದವರ ಕೈಯಲ್ಲಿ ಕಾಫಿ ಲೋಟಗಳು ಹಾಗೇ ನಿಂತವು. ಅಪ್ಪ ಒಂದು ತಿಂಗಳು ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಒಂದು ಶನಿವಾರ, ಪೇಪರಿನಿಂದ ತಲೆ ಎತ್ತದೆ, "ಹರಿಹರದ ಗಾಡಿಗೆ ಹೊತ್ತಾಗಲಿಲ್ಲೇನು?" ಎಂದರು. ಮದುವೆಯ ಮಾತು ಮತ್ತೆ ಎತ್ತಲಿಲ್ಲ.

ಗೆಳತಿಗೆ ಇದನ್ನು ಹೇಳಿದಾಗ ಅವಳು ನಗುತ್ತಾಳೆ ಅಂದುಕೊಂಡಿದ್ದೆ. "ನಿನಗ ಬಾಯಿ ಬಂತು" ಎಂದಳು. ಅಷ್ಟು ಹೇಳಿ ಎದ್ದು ಹೋಗಿ ಒಣಹಾಕಿದ ಬಟ್ಟೆ ತಂದಳು.

ಕಡತಗಳನ್ನು ಕಣ್ಣಾರೆ ನೋಡಲು ಒಂದು ವರ್ಷ ಇಂಗ್ಲೆಂಡಿಗೆ ಹೋಗುವ ಅವಕಾಶ ಬಂತು. ಹೋಗುವ ಮುಂಚಿನ ವಾರ ನಾವಿಬ್ಬರೇ ಹತ್ತಿರದ ಕೊಂಡಜ್ಜಿ ಕೆರೆಗೆ ಹೋದೆವು. ಮಕ್ಕಳನ್ನು ಗಂಡ ನೋಡಿಕೊಳ್ಳುತ್ತೇನೆ ಎಂದಿದ್ದ. ಮದುವೆಯಾದ ಮೇಲೆ ಅವಳು ಕೆಲಸವಿಲ್ಲದೆ ಮನೆಯಿಂದ ಹೊರಗೆ ಬಂದದ್ದು ಅದೇ ಮೊದಲಂತೆ. ಕೆರೆಯ ಏರಿಯ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಆಚೆಯ ಸ್ಕೌಟ್ ಶಿಬಿರದಿಂದ ಮಕ್ಕಳ ಸೀಟಿ ಕೇಳುತ್ತಿತ್ತು. ಅವಳು ಚಪ್ಪಲಿ ಬಿಟ್ಟು ಕಾಲು ಚಾಚಿದ್ದಳು.

ಹತ್ತು ವರ್ಷ ಹೊತ್ತಿದ್ದನ್ನು ಅಲ್ಲಿ ಕೇಳಿಬಿಟ್ಟೆ. "ನಿನ್ನ ನಿಕಾಹ್ ದಿನ ಏನ್ ಹೇಳ್ಲೇ ಅಂತ ನನ್ನ ಕೇಳಿದ್ದಿಯಲ್ಲ. ನಾನು ಹೂಂ ಅನ್ನು ಅಂದೆ. ಬ್ಯಾಡ ಅನ್ನು ಅಂದಿದ್ರೆ ಏನ್ ಮಾಡ್ತಿದ್ದಿ?"

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಅಯ್ಯ ನಿನ್ನ! ನಾನು ಕೇಳಿದ್ದು ಅದಲ್ಲೇ. ಕಬೂಲ್ ಅನ್ಲೋ, ಬರೇ ಹೂಂ ಅಂದ್ರೆ ಸಾಕೋ ಅಂತ ಕೇಳಿದ್ದು. ಅಷ್ಟು ಜನ ನೋಡಿ ನನಗ ಮರೆತು ಹೋಗಿತ್ತು" ಎಂದಳು. "ಇದನ್ನ ಇಟ್ಕೊಂಡು ನೀನು ಲ್ಯಾಟಿನ್ ಕಲ್ತಿದ್ದೇನು?"

ನಗುತ್ತಿದ್ದಳು. ನಾನೂ ನಕ್ಕೆ. ಎದೆಯ ಮೇಲಿನ ಭಾರ ಇಳಿಯಬೇಕಿತ್ತು, ಇಳಿಯಲಿಲ್ಲ. ಸಾಕ್ಷಿ ಹೇಳುವವರು ಎದುರಿಗಿದ್ದವರ ಮೇಲಿನ ಪ್ರೀತಿಯಿಂದಲೂ ಮಾತು ಬದಲಿಸುತ್ತಾರೆ ಎಂಬುದನ್ನು ಅಷ್ಟು ಹೊತ್ತಿಗೆ ನಾನು ಬೇಕಾದಷ್ಟು ಓದಿದ್ದೆ. ಅವಳು ನಿಜ ಹೇಳಿದಳೋ, ದೂರದೇಶಕ್ಕೆ ಹೊರಟ ನನ್ನನ್ನು ಹಗುರ ಮಾಡಿ ಕಳಿಸಿದಳೋ, ನನಗೆ ಗೊತ್ತಿಲ್ಲ. ಬಸ್ಸು ಬರುವ ತನಕ ಅವಳು ನೀರನ್ನೇ ನೋಡುತ್ತಿದ್ದಳು.

ಇಂಗ್ಲೆಂಡಿನ ದಾಖಲೆಮನೆಯಲ್ಲಿ ಆ ಕಡತಗಳ ಚರ್ಮದ ಹಾಳೆಗಳ ಮುಂದೆ ಕೂತಾಗ ನನಗೆ ಬೇಕೆನಿಸುತ್ತಿದ್ದದ್ದು ಅವಳೊಬ್ಬಳೇ. ಒಂದು ದಿನ ಒಬ್ಬ ಕೆಲಸದಾಕೆಯ ಹೇಳಿಕೆ ಸಿಕ್ಕಿತು. ತಾನು ಬಾಗಿಲ ಹಿಂದೆ ನಿಂತಿದ್ದೆ, ಇಬ್ಬರ ಮಾತೂ ಕೇಳಿಸಿತು, ತನ್ನ ಒಡತಿ ಮಾತಾಡುವಾಗ ಅಳುತ್ತಿದ್ದಳು ಎಂದು ಆಕೆ ಹೇಳಿದ್ದಳು. ಆಕೆ ತನ್ನ ಊರಿನ ಮಾತಿನಲ್ಲಿ ಹೇಳಿದ್ದನ್ನು ಗುಮಾಸ್ತ ಲ್ಯಾಟಿನ್ನಿಗೆ ತಿರುಗಿಸಿ ಬರೆದುಕೊಂಡಿದ್ದ. ಅವಳ ಬಾಯಿಂದ ಬಂದ ನಿಜವಾದ ಶಬ್ದಗಳು ಯಾವುವು ಎಂದು ಇನ್ನು ಯಾರಿಗೂ ತಿಳಿಯುವುದಿಲ್ಲ. ಸುತ್ತ ಯಾರೂ ಇಲ್ಲದ್ದನ್ನು ನೋಡಿ ಆ ಸಾಲುಗಳನ್ನು ಕನ್ನಡದಲ್ಲಿ, ನಮ್ಮ ಕಡೆಯ ಮಾತಿನಲ್ಲಿ ಮೆಲ್ಲಗೆ ಹೇಳಿಕೊಂಡೆ. ಚಹಾ ಕುದಿಯುವ ಸಪ್ಪಳ ಒಂದಿರಲಿಲ್ಲ, ಅಷ್ಟೇ.

ಅವಳ ಕಾಗದ ಬರುತ್ತಿತ್ತು. "ಚಳಿ ಹೆಂಗೈತೆ? ಹೋದ ಕಾಗದದ ಹುಡುಗಿ ಕೇಸ್ ಏನಾತು? ನನಗನಿಸಿದಂಗ ಆಕಿ ಅತ್ತಿ ಸುಳ್ಳು ಹೇಳ್ಯಾಳ." ಬಹಳ ಸಲ ಅವಳು ಹೇಳಿದ್ದೇ ಸರಿಯಾಗಿರುತ್ತಿತ್ತು.

ನಾನು ವಾಪಸ್ ಬರುವಷ್ಟರಲ್ಲಿ ಫಾದರ್ ತೀರಿಕೊಂಡಿದ್ದರು. ಅವರ ನಿಘಂಟನ್ನು ನನಗೆ ಕೊಡಬೇಕೆಂದು ಹೇಳಿಟ್ಟು ಹೋಗಿದ್ದರು. ಆಮೇಲೂ ಶನಿವಾರ ಹರಿಹರಕ್ಕೆ ಹೋಗುವುದು ನಿಲ್ಲಲಿಲ್ಲ.

ಕೆಲವು ವರ್ಷಗಳ ನಂತರ ನನ್ನ ಪುಸ್ತಕ ಬಂತು, ಇಂಗ್ಲಿಷಿನಲ್ಲಿ. ಮೊದಲ ಪ್ರತಿ ತೆಗೆದುಕೊಂಡು ಅವಳ ಮನೆಗೆ ಹೋದೆ. ಕೈ ಒರೆಸಿಕೊಂಡು, ಎರಡೂ ಕೈಯಲ್ಲಿ ತೆಗೆದುಕೊಂಡು, ಹಾಳೆಯ ವಾಸನೆ ನೋಡಿದಳು. ಮೊದಲ ಪುಟಗಳಲ್ಲಿ ಹೆಸರುಗಳ ಸಾಲು ಕಂಡು, "ಇವರೆಲ್ಲ ಯಾರು?" ಎಂದಳು. ಸಹಾಯ ಮಾಡಿದವರಿಗೆ ಕೃತಜ್ಞತೆ ಎಂದು ಒಂದೊಂದಾಗಿ ಓದಿ ಹೇಳುತ್ತ ಹೋದೆ. ಪ್ರೊಫೆಸರರು, ದಾಖಲೆಮನೆಯವರು, ಫಾದರ್, ಚಳಿಗೆ ಹೀಟರ್ ಕೊಟ್ಟ ಮನೆ ಒಡತಿ. ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಪಟ್ಟಿ ಮುಗಿಯಿತು. ಅವಳ ಹೆಸರಿರಲಿಲ್ಲ.

"ಹೀಟರ್ ಕೊಟ್ಟಾಕಿ ಹೆಸರೂ ಹಾಕಿದೀಯ. ಚಲೋ ಆತು" ಎಂದಳು. ದನಿಯಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಬೇಕೆಂದು ಬಿಟ್ಟದ್ದಲ್ಲ. ಪಟ್ಟಿ ಬರೆಯುವಾಗ ಅವಳು ನೆನಪಿಗೇ ಬಂದಿರಲಿಲ್ಲ, ಅದೇ ಸತ್ಯ. ವಿದ್ವತ್ತು ಅಂದರೆ ಮೇಜು, ಕುರ್ಚಿ, ಕಡತದ ಹತ್ತಿರ ನಡೆಯುವುದು, ಅಡುಗೆಮನೆಯ ಮಣೆ ಮೇಲೆ ಕೂತು ಆಡಿದ ಮಾತು ಅದರೊಳಗೆ ಬರುವುದಿಲ್ಲ ಎಂದು ನನ್ನೊಳಗೆ ಯಾರೋ ಬರೆದುಬಿಟ್ಟಿದ್ದರು. ಕರೆಸದೆ ಬಿಟ್ಟ ಗೆಳತಿಯರ ಮೇಲೆ ಮುನ್ನೂರು ಪುಟ ಬರೆದವಳು ನಾನು. ಮುಂದಿನ ಮುದ್ರಣದಲ್ಲಿ ಖಂಡಿತ ಹಾಕುತ್ತೇನೆ ಎಂದೆ. ಕಣ್ಣೀರು ಬಂದಿತ್ತು.

"ಬ್ಯಾಡ. ಈಗ ಹಾಕಿದ್ರೆ ಕೇಳಿ ಇಸ್ಕೊಂಡಂಗ ಆಗ್ತೈತೆ" ಎಂದಳು. "ಹೆಸರು ಬ್ಯಾಡ. ಅಳೋದು ಬಿಟ್ಟು ಕೇಸ್ ಹೇಳು."

ಹೇಳಿದೆ. ಆದರೆ ಅವತ್ತಿನಿಂದ ನಾನು ಅವಳ ಮನೆಯಲ್ಲಿ ಒಂದು ನೋಟುಬುಕ್ಕು ತೆರೆದು ಕೂರತೊಡಗಿದೆ. ಅವಳ ಮಾತುಗಳನ್ನು ಅವಳಾಡಿದ ಹಾಗೆಯೇ ಬರೆದುಕೊಳ್ಳುತ್ತಿದ್ದೆ. "ಇದೇನ್ ಕೋರ್ಟೇನೇ?" ಎಂದು ನಗುತ್ತಿದ್ದಳು. ಹೀಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಿತು. ಮಕ್ಕಳು ದೊಡ್ಡವರಾದರು, ಮದುವೆಯಾದರು. ಮಗಳ ನಿಕಾಹ್ ಗೊತ್ತುಮಾಡುವಾಗ ಅವಳು ತಿಂಗಳುಗಟ್ಟಲೆ ಹಟ ಹಿಡಿದು, ಹುಡುಗಿ ಒಬ್ಬಳನ್ನೇ ಕೂರಿಸಿಕೊಂಡು ಕೇಳಿ, ಬೇಡ ಅಂದ ಎರಡು ಸಂಬಂಧ ಬಿಡಿಸಿದಳು. ನನಗೆ ಸಕ್ಕರೆ ಕಾಯಿಲೆ ಬರಲಿಲ್ಲ, ಅವಳಿಗೆ ಬಂತು. ಆಮೇಲೆ ಕಿಡ್ನಿ.

ಲಾಕ್‌ಡೌನಿನಲ್ಲಿ ಗಾಡಿ ನಿಂತಾಗ ದಾವಣಗೆರೆಗೂ ಹರಿಹರಕ್ಕೂ ನಡುವಿನ ಹದಿನಾಲ್ಕು ಕಿಲೋಮೀಟರು ಸಮುದ್ರವಾಯಿತು. ಶನಿವಾರ ಫೋನಿನಲ್ಲಿ ಕೇಸ್ ಹೇಳುತ್ತಿದ್ದೆ. ಅವಳಿಗೆ ಬೇಗ ದಣಿವಾಗುತ್ತಿತ್ತು. ಕೊನೆಯ ಸಲ ಹೇಳಿದ್ದು ಒಬ್ಬ ಹೆಂಗಸಿನ ಕಥೆ. ಸೋದರಮಾವ ಕೊಟ್ಟ ಗಂಡನೊಡನೆ ಹನ್ನೆರಡು ವರ್ಷ ಸಂಸಾರ ಮಾಡಿ, ಮೂರು ಮಕ್ಕಳಾದ ಮೇಲೆ, ನಾನು ಅವತ್ತು ಒಪ್ಪಿರಲಿಲ್ಲ ಎಂದು ಕೋರ್ಟಿಗೆ ಬಂದವಳು.

"ಹನ್ನೆರಡು ವರ್ಷ ಯಾಕ ಸುಮ್ನಿದ್ದಿ ಅಂತ ಕೇಳಿದ್ರೇನು ಆಕಿನ?" ಎಂದಳು. ಹೇಳುತ್ತೇನೆ ಅನ್ನುವಷ್ಟರಲ್ಲಿ ಕೆಮ್ಮು ಬಂತು. "ಉಳಿದಿದ್ದು ನಾಳೆ ಹೇಳು" ಎಂದು ಇಟ್ಟಳು.

ಮರುದಿನ ಬೆಳಗ್ಗೆ ಫೋನ್ ಬಂದದ್ದು ಅವಳ ಗಂಡನಿಂದ. ಮಣ್ಣಿಗೆ ಹೋಗಲು ನನಗೆ ಆಗಲಿಲ್ಲ.

ದಾರಿ ತೆರೆದ ಮೇಲೆ ಒಂದು ಶನಿವಾರ ಬಸ್ಸಿನಲ್ಲಿ ಹೋದೆ. ಲೇಥ್ ಮೇಲೆ ಗೋಣಿತಾಟು ಹೊದಿಸಿತ್ತು. "ಬರ್ರಿ ಮೇಡಂ, ಕೂಡ್ರಿ" ಎಂದು ಆತ ಕುರ್ಚಿ ಹಾಕಿದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇಷ್ಟು ವರ್ಷಗಳಲ್ಲಿ ನಾವಿಬ್ಬರೇ ಎದುರುಬದುರು ಕೂತದ್ದಿಲ್ಲ. ಕಡೆಗೆ ಆತನೇ ಹೇಳಿದ, "ಆ ಹನ್ನೆರಡು ವರ್ಷದ ಕೇಸ್ ಆಕಿ ಅವತ್ತು ನನಗ ಹೇಳಿದ್ಲು. ಅರ್ಧಕ್ಕ ನಿಂತೈತೆ ಅಂದ್ಲು. ಮುಂದೇನಾತ್ರಿ?"

ಹೇಳಿದೆ. ಇಷ್ಟು ದಿನ ಜೊತೆಗೆ ಬಾಳಿದ್ದೇ ಒಪ್ಪಿಗೆ ಎಂದು ಜಡ್ಜ್ ತೀರ್ಪು ಕೊಟ್ಟು ಅವಳನ್ನು ಗಂಡನ ಮನೆಗೆ ವಾಪಸ್ ಕಳಿಸಿದ.

ಆತ ಲೇಥ್ ಮೇಲಿನ ಗೋಣಿತಾಟಿನ ತುದಿ ಸರಿಮಾಡಿದ. "ವಾಪಸ್ ಬಂದಮ್ಯಾಲೆ ಗಂಡ ಏನಾದ್ರೂ ಕೇಳಿದ್ನೇನ್ರಿ ಆಕಿನ?"

"ಕಡತದಲ್ಲಿ ಇಲ್ಲ" ಎಂದೆ.

ತಲೆ ಆಡಿಸಿ, "ಚಹಾ ಮಾಡ್ತೀನಿ, ಇರ್ರಿ" ಎಂದು ಒಳಗೆ ಹೋದ. ಸಕ್ಕರೆ ಡಬ್ಬಿ ಹುಡುಕುವ ಸಪ್ಪಳ ಕೇಳುತ್ತಿತ್ತು. ಅದು ಎಲ್ಲಿದೆ ಎಂದು ನನಗೆ ಗೊತ್ತಿತ್ತು. ಎದ್ದು ಹೋಗಿ ತೋರಿಸಿದೆ.